ಹೂವಿನ ಜಾತ್ರೆ ಮುಗಿದ ಮೇಲೆ

ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಬಂತೆಂದರೆ ಬೆಂಗಳೂರಿನ ಲಾಲ್‌ಬಾಗ್‌ಗೆ ಜನ ಕಿಕ್ಕಿರಿಯುತ್ತಾರೆ. ತೋಟಗಾರಿಕೆ ಇಲಾಖೆ ಮತ್ತು ಮೈಸೂರು ಉದ್ಯಾನ ಕಲಾ ಸಂಘ ಸೇರಿ ನಡೆಸುವ ಫಲಪುಷ್ಪ ಪ್ರದರ್ಶನದ ಸೆಳೆತ ಅಂಥದ್ದು. ಆದರೆ 240 ಎಕರೆಯ ತೋಟಕ್ಕೆ ವರ್ಷವಿಡೀ ಆರೈಕೆ ಬೇಕು. ಸ್ವಯಂಸೇವಕರನ್ನು ಕರೆದು, ಪ್ಲಾಸ್ಟಿಕ್ ಹೆಕ್ಕಿಸಿ, ಫೋಟೊ ತೆಗೆಸಿ ಕಳುಹಿಸಿದರೆ ಸಾಲದು.

ಬಡಾವಣೆಯ ಪಾರ್ಕುಗಳ ಪಾಡೂ ಇದೇ. ಸಮಾರಂಭದಲ್ಲಿ ನೆಟ್ಟ ಹೊಂಗೆ ಸಸಿ ಏಪ್ರಿಲ್ ಬಿಸಿಲಿಗೆ ನೀರಿಲ್ಲದೆ ಒಣಗುತ್ತದೆ; ಗುಡಿಸಿದ ತರಗೆಲೆ ಗೊಬ್ಬರವಾಗುವ ಬದಲು ಮೂಲೆಯಲ್ಲಿ ಹೊಗೆಯಾಡುತ್ತದೆ. ನಿವಾಸಿಗಳ ಸಂಘಗಳಿಗೆ ಗುದ್ದಲಿ, ನೀರಿನ ಪೈಪು, ಗೊಬ್ಬರದ ಗುಂಡಿಗೆ ಜಾಗ ಕೊಡಿ; ಗಿಡ ಸವರುವುದನ್ನು ಮಾಲಿಗಳಿಂದಲೇ ಕಲಿಸಿ. ಹಾಗೆಂದು ಸ್ವಯಂಸೇವೆಯ ನೆಪದಲ್ಲಿ ಮಾಲಿಗಳ ಹುದ್ದೆಗೆ ಕತ್ತರಿ ಬೀಳಬಾರದು. ಪಾಲಿಕೆಗಳು ಮೊದಲು ಸಿಬ್ಬಂದಿ ನೇಮಿಸಲಿ, ಜನ ಅವರೊಂದಿಗೆ ಕೈಜೋಡಿಸಲಿ.