ಕನ್ನಡದ ತಲೆಗೇಕೆ ಕಟ್ಟುತ್ತೀರಿ?

ಕಳೆದ ವಾರ ನನ್ನ ಹಳೆಯ ಶಿಷ್ಯನೊಬ್ಬ ಮೊಬೈಲಿಗೆ ಒಂದು ಪಟ್ಟಿಯನ್ನು ಕಳುಹಿಸಿದ್ದ. ‘ಭಾರತೀಯರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು’ ಎಂಬುದು ಅದರ ತಲೆಬರಹ. ಅದರ ಕೆಳಗೆ ತನ್ನ ಮಾತನ್ನೂ ಸೇರಿಸಿದ್ದ: ‘ಸಾರ್, ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇವೆಲ್ಲ ನನಗೆ ಅಂಟಿಕೊಂಡಿವೆ. ಮಗಳಿಗೆ ಅಂಟದಿರಲೆಂದು ಮನೆಯಲ್ಲಿ ಕನ್ನಡ ಮಾತನಾಡುವುದನ್ನೇ ಬಿಟ್ಟಿದ್ದೇವೆ.’ ಪಟ್ಟಿಯನ್ನು ಓದಿ ನಗು ಬಂದಿತ್ತು. ಈ ಎರಡು ಸಾಲು ಓದಿದ ಮೇಲೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಅವನಿಗೆ ಇಂಗ್ಲಿಷ್ ಕಲಿಸಿದವನು ನಾನೇ ಅಲ್ಲವೆ! ಆದ್ದರಿಂದ ಉತ್ತರವನ್ನು ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಆ ಪಟ್ಟಿಯ ವಿಚಾರ. ‘ಪ್ರೀಪೋನ್’ ಎಂಬ ಪದವೇ ಇಲ್ಲವೆಂದು ಅದು ಸಾರುತ್ತದೆ. ಆ ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೇ ಸ್ಥಾನ ದೊರೆತಿದೆ. ‘ಡೂ ದ ನೀಡ್‌ಫುಲ್’ ನಮ್ಮ ಗುಮಾಸ್ತರ ಅಪಭ್ರಂಶವಂತೆ! ಅದು ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿಯೇ ಬಳಕೆಯಲ್ಲಿದ್ದ ಮಾತು; ಅವರು ಕೈಬಿಟ್ಟರು, ನಾವು ಉಳಿಸಿಕೊಂಡೆವು. ಹಳತಾಯಿತೆನ್ನಿ, ಒಪ್ಪುತ್ತೇನೆ, ತಪ್ಪೆನ್ನಬೇಡಿ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದೆಂಬ ಕಟ್ಟಳೆಯೂ ಪಟ್ಟಿಯಲ್ಲಿದೆ. 1672ರಲ್ಲಿ ಡ್ರೈಡನ್ ಕವಿ ಬೆನ್ ಜಾನ್ಸನ್ನನ ಬರೆಹದಲ್ಲಿ ಹುಡುಕಿ ತೆಗೆದ ಹುಳುಕು ಅದು. ಇಂಗ್ಲಿಷರು ಅಂದಿನಿಂದ ಇಂದಿನವರೆಗೂ ಹಾಗೆಯೇ ಬರೆಯುತ್ತಿದ್ದಾರೆ.

ಹಾಗಾದರೆ ನಮ್ಮ ಮಕ್ಕಳು ತಪ್ಪನ್ನೇ ಮಾಡುವುದಿಲ್ಲವೆ? ಬೇಕಾದಷ್ಟು ಮಾಡುತ್ತಾರೆ. ಮೂರು ದಶಕಗಳ ಕಾಲ ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ತಪ್ಪುಗಳಿಗೆಲ್ಲ ಕನ್ನಡವೇ ಮೂಲವೆಂಬ ಮಾತಿದೆಯಲ್ಲ, ನನ್ನ ತಕರಾರು ಅಲ್ಲಿರುವುದು.

‘ಐ ಡಿಡ್ ನಾಟ್ ವೆಂಟ್’ ಎಂಬ ವಾಕ್ಯವನ್ನೇ ನೋಡಿ. ಭೂತಕಾಲವನ್ನು ಎರಡು ಕಡೆ ಹೇರಿದ ತಪ್ಪು ಇದು. ಇದು ಕನ್ನಡದಿಂದ ಬಂದುದೆ? ಕನ್ನಡದಲ್ಲಿ ನಾವು ‘ನಾನು ಹೋದೆನಿಲ್ಲ’ ಎನ್ನುತ್ತೇವೆಯೆ? ‘ಹೋಗಲಿಲ್ಲ’ ಎನ್ನುತ್ತೇವೆ. ‘ಹೋಗಲು’ ಎಂಬ ರೂಪದಲ್ಲಿ ಕಾಲದ ಗುರುತೇ ಇಲ್ಲ. ಇಂಗ್ಲಿಷಿನ ‘ಗೋ’ ಅಲ್ಲಿ ನಿಂತಿರುವುದೂ ಬಹುಮಟ್ಟಿಗೆ ಹಾಗೆಯೇ. ಎಂಟನೆಯ ತರಗತಿಯ ಹುಡುಗನಿಗೆ ಇದೊಂದನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು. ‘ಒನ್ ಆಫ್ ಮೈ ಫ್ರೆಂಡ್’ ಎಂದು ಬರೆಯುವವನೂ ಕನ್ನಡದಲ್ಲಿ ‘ನನ್ನ ಗೆಳೆಯರಲ್ಲೊಬ್ಬ’ ಎಂದೇ ಹೇಳುತ್ತಾನೆ. ಬಹುವಚನ ಅವನ ನಾಲಗೆಯ ಮೇಲೆಯೇ ಇದೆ. ‘ಎ’ ಮತ್ತು ‘ದ’ಗಳ ಗೊಂದಲವೋ? ಅಜ್ಜಿಯ ಕಥೆಯನ್ನು ನೆನಪಿಸಿ: ಒಂದು ಊರಿನಲ್ಲಿ ಒಬ್ಬ ರಾಜನಿದ್ದ; ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ ‘ಒಬ್ಬ’, ಎರಡನೆಯ ಸಲ ‘ಆ’. ಎಲ್ಲ ಸೂಕ್ಷ್ಮಗಳೂ ಇದರಿಂದ ತಿಳಿಯುವುದಿಲ್ಲ ನಿಜ, ಆದರೆ ಬಾಗಿಲು ತೆರೆಯುತ್ತದೆ.

ಕನ್ನಡದಿಂದಲೇ ನುಸುಳುವ ತಪ್ಪುಗಳೂ ಇಲ್ಲದಿಲ್ಲ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಸೋಮವಾರದಿಂದ’, ‘ಎರಡು ದಿನಗಳಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಆರಂಭದ ದಿನಕ್ಕೆ ‘ಸಿನ್ಸ್’, ಅವಧಿಗೆ ‘ಫಾರ್’. ಆದರೆ ಈ ವ್ಯತ್ಯಾಸವನ್ನು ಕನ್ನಡದ ಹೆಸರೆತ್ತದೆ ವಿವರಿಸುವುದು ಹೇಗೆ? ತರಗತಿಯಲ್ಲಿ ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಗಳ ಆಡಳಿತ ಮಂಡಳಿಗಳು ಇದಕ್ಕೆ ಉತ್ತರ ಹೇಳಲಿ.

ಇಲ್ಲಿ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಪಾಠದಲ್ಲಿ ಮಾತೃಭಾಷೆ ಸುಳಿಯಕೂಡದೆಂದು ಬಿ.ಎಡ್.ನಲ್ಲಿ ನಮಗೆ ಬೋಧಿಸಿದ್ದರು. ನಾನು ಅದನ್ನು ವೇದವಾಕ್ಯವೆಂದು ನಂಬಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಹುಡುಗಿಯೊಬ್ಬಳು ರಜೆ ಅರ್ಜಿಯಲ್ಲಿ ‘ಎರಡು ದಿನಗಳಿಂದ ಜ್ವರ’ ಎಂಬುದಕ್ಕೆ ‘ಸಿನ್ಸ್ ಟೂ ಡೇಸ್’ ಎಂದು ಬರೆದಿದ್ದಳು. ಕೆಂಪು ಮಸಿಯಲ್ಲಿ ಸುತ್ತುಹಾಕಿ ಇಡೀ ತರಗತಿಗೆ ಓದಿ ಹೇಳಿದೆ. ಎಲ್ಲರೂ ನಕ್ಕರು. ಜ್ವರ ಬಿಟ್ಟಿತೆ ಎಂದು ನಾನು ಕೇಳಲಿಲ್ಲ. ಆಮೇಲೆ ಆ ಮಗು ವರ್ಷವಿಡೀ ಗೈಡಿನಿಂದ ನಕಲು ಮಾಡಿದ ವಾಕ್ಯಗಳ ಹೊರತು ತನ್ನದೊಂದು ವಾಕ್ಯವನ್ನೂ ಬರೆಯಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ತಪ್ಪೇ ಇರುತ್ತಿರಲಿಲ್ಲ. ಮೂಢನಾದ ನಾನು ‘ಗುಡ್’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಕಲಿಸುತ್ತಿದ್ದಾರೆ. ನಾನು ಅದನ್ನು ವಿರೋಧಿಸುವವನಲ್ಲ; ಬಡವರ ಮಕ್ಕಳಿಗೂ ಅದು ಬೇಕು. ಆದರೆ ಇಂಗ್ಲಿಷ್ ಬರಲೆಂದು ಕನ್ನಡವನ್ನು ಹೊರಗೆ ನಿಲ್ಲಿಸುವುದು, ತೂಕ ಮಾಡಲು ಕುಳಿತು ತಕ್ಕಡಿಯ ಒಂದು ತಟ್ಟೆಯನ್ನು ಕಿತ್ತೆಸೆದಂತೆ. ಇನ್ನು ಮನೆಯಲ್ಲಿಯೂ ಕನ್ನಡ ಬಿಟ್ಟರೆ, ತಂದೆತಾಯಿಯರು ಆಡುವ ಅರೆಬರೆ ಇಂಗ್ಲಿಷೇ ಆ ಮಗುವಿಗೆ ಮಾದರಿಯಾಗುತ್ತದೆ. ಶಿಷ್ಯ ಬೇಸರಿಸಬಾರದು, ಅವನ ಇಂಗ್ಲಿಷಿನ ಪರಿಚಯ ನನಗುಂಟು!

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬಾರಪ್ಪ. ಅವಳ ಇಂಗ್ಲಿಷ್ ನೋಟ್‌ಬುಕ್ಕೂ ಬರಲಿ. ಇಬ್ಬರೂ ಕುಳಿತು ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿಕೊಂಡು ತಿದ್ದೋಣ. ಹೆದರಬೇಡವೆಂದು ಅವಳಿಗೆ ಹೇಳು. ಕೆಂಪು ಮಸಿಯ ಪೆನ್ನನ್ನು ನಿವೃತ್ತಿಯ ದಿನವೇ ಶಾಲೆಯ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ.