ಕುಲಾವಿಯ ಲೆಕ್ಕ

"ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಕುಲಾವಿಗೆ ವಾರವಿಡೀ ಕೂರಬೇಕೇ?" ಮೊಮ್ಮಗುವಿಗಾಗಿ ಉಲ್ಲನ್ ದಾರ ಹಿಡಿದಿದ್ದ ನನ್ನ ಪತ್ನಿಯನ್ನು ಬಂಧುವೊಬ್ಬರು ಕೇಳಿದರು. ಈ ಲೆಕ್ಕವೇ ತಪ್ಪು. ದೊಡ್ಡಬೆಳವಂಗಲದ ಮಾಗಿಯ ಚಳಿಗೆ ಅಮ್ಮ ಹೆಣೆದ ಒಂದೇ ಕುಲಾವಿಯನ್ನು ನಾವು ಐವರು ಮಕ್ಕಳೂ ಸರದಿಯಂತೆ ತೊಟ್ಟೆವು. ಬಿಗಿಯಾದರೆ ಬಿಚ್ಚಿ, ಇನ್ನಷ್ಟು ದಾರ ಸೇರಿಸಿ ಮತ್ತೆ ಹೆಣೆಯುತ್ತಿದ್ದಳು. ಅಂಗಡಿಯದನ್ನು ಹಾಗೆ ಬೆಳೆಸಬಲ್ಲಿರಾ?

ಕೈಕಸುಬೇ ಶಿಕ್ಷಣದ ಕೇಂದ್ರವಾಗಬೇಕೆಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. ಬಿ.ಎಡ್.ನಲ್ಲಿ ಅದನ್ನೇ ಬರೆದು ಅಂಕ ಪಡೆದ ನಾನು, ಪರೀಕ್ಷೆ ಸಮೀಪಿಸಿದೊಡನೆ ಕ್ರಾಫ್ಟ್ ಅವಧಿಯನ್ನು ಗಣಿತಕ್ಕೆ ಕಸಿದುಕೊಳ್ಳುತ್ತಿದ್ದೆ. ಪ್ರಿಯ ವಿದ್ಯಾರ್ಥಿಗಳೇ, ಅದು ನನ್ನ ತಪ್ಪು. ಕಡ್ಡಿಯ ಮೇಲೆ ಕುಣಿಕೆ ಎಣಿಸುವುದೂ ಗಣಿತವೇ ಆಗಿತ್ತು. ನಿಮ್ಮ ಮಕ್ಕಳ ಕೈಗಾದರೂ ಆ ಕಡ್ಡಿಗಳನ್ನು ಕೊಡಿ, ಗಂಡುಮಕ್ಕಳಿಗೂ.