ತೂಕ ಇಳಿಸಿ ಕೈತೊಳೆದುಕೊಂಡರೆ ಸಾಲದು

ಬೊಜ್ಜಿನ ಆಪರೇಶನ್ ಮಾಡಿ, ಹೊಲಿಗೆ ಬಿಚ್ಚಿ, ಡಿಸ್‌ಚಾರ್ಜ್ ಚೀಟಿ ಕೈಗಿತ್ತು ತನ್ನ ಕೆಲಸ ಮುಗಿಯಿತು ಎನ್ನುವ ಆಸ್ಪತ್ರೆ ಅರ್ಧ ಚಿಕಿತ್ಸೆ ಕೊಟ್ಟು ಪೂರ್ತಿ ಬಿಲ್ ವಸೂಲಿ ಮಾಡಿದಂತೆ. ಕೊಚ್ಚಿಯಿರಲಿ, ತಿರುವನಂತಪುರವಿರಲಿ, ಮಂಗಳೂರಿರಲಿ, ಇದು ಅಕ್ಷಮ್ಯ.

ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲನ್ನೇ ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಆಹಾರ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟುವುದೇ ಇಲ್ಲ. ದೇಹ ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಬಿ12 ಕೊರತೆಯಂತೂ ಯಕೃತ್ತಿನ ದಾಸ್ತಾನಿನ ಮರೆಯಲ್ಲಿ ವರ್ಷಗಟ್ಟಲೆ ಅಡಗಿದ್ದು, ಕೈಕಾಲು ಜೋಮು ಹಿಡಿಯುವಾಗಷ್ಟೇ ಬಯಲಾಗುತ್ತದೆ.

ಥಯಾಮಿನ್ (ವಿಟಮಿನ್ ಬಿ1) ಕೊರತೆ ಅಷ್ಟು ಕಾಯುವುದಿಲ್ಲ. ಆಪರೇಶನ್ ಆಗಿ ಕೆಲವೇ ವಾರ, ದಿನವೂ ವಾಂತಿ. ಸುಸ್ತೆಂದು ಊರಿನ ಕ್ಲಿನಿಕ್‌ಗೆ ಹೋದರೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಥಯಾಮಿನ್ ಕೊಡದೆ ಗ್ಲೂಕೋಸ್ ಹರಿಸಿದರೆ ಮಿದುಳಿಗೇ ಪೆಟ್ಟು: ನೋಟ ಎರಡಾಗುತ್ತದೆ, ಹೆಜ್ಜೆ ತಪ್ಪುತ್ತದೆ, ನೆನಪು ಮತ್ತೆ ಬಾರದಂತೆ ಹೋಗಬಹುದು. ಇಂಥ ಹೊತ್ತಿನಲ್ಲಿ ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದವರು ಗೋಶ್ರೀ ಸೇತುವೆ ದಾಟಿ ಎರ್ನಾಕುಳಂನ ಆಸ್ಪತ್ರೆ ಸೇರಿಯಾರು. ಕಾಸರಗೋಡಿನ ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಮಂಗಳೂರಿಗೆ ಬಂದು ಆಪರೇಶನ್ ಮಾಡಿಸಿಕೊಂಡು ಹೋದವರ ಪಾಡೇನು? ಊರಿನ ವೈದ್ಯರಿಗೆ ತೋರಿಸಲು ಅವರ ಬಳಿ ಒಂದು ಎಚ್ಚರಿಕೆಯ ಕಾರ್ಡಾದರೂ ಇರಬೇಡವೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದ ಶೇ 38ರಷ್ಟು ಮಹಿಳೆಯರಿಗೆ ಅತಿತೂಕ, ಶೇ 36ರಷ್ಟು ಮಹಿಳೆಯರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಇವು ಕ್ರಮವಾಗಿ ಶೇ 30 ಮತ್ತು 48. ಮೈ ತುಂಬಿದವರಲ್ಲಿ ಪೋಷಕಾಂಶವೂ ತುಂಬಿರುತ್ತದೆ ಎಂಬುದು ಭ್ರಮೆ. ಮೊದಲೇ ಕೊರತೆ ಇದ್ದವರನ್ನು ಪರೀಕ್ಷಿಸದೆ ಆಪರೇಶನ್ ಟೇಬಲ್ ಮೇಲೆ ಮಲಗಿಸುವುದು ಹೊಣೆಗೇಡಿತನ.

ಮಧುಮೇಹ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವ ಅನೇಕರಿಗೆ ಈ ಚಿಕಿತ್ಸೆ ಹೊಸ ಬದುಕು ಕೊಟ್ಟಿದೆ ನಿಜ. ರೋಗಿಗಳೇ ಮಾತ್ರೆ ನಿಲ್ಲಿಸುತ್ತಾರೆ, ಕರೆದರೂ ಬರುವುದಿಲ್ಲ ಎಂಬ ವೈದ್ಯರ ದೂರಿನಲ್ಲೂ ಹುರುಳಿದೆ. ಆದರೆ ಮಾತ್ರೆ ಮತ್ತು ರಕ್ತಪರೀಕ್ಷೆ ಜೀವನಪರ್ಯಂತ ಎಂಬುದನ್ನು ಮುಂಗಡ ಕಟ್ಟಿಸಿಕೊಳ್ಳುವ ಮೊದಲೇ, ಖರ್ಚಿನ ಲೆಕ್ಕದೊಂದಿಗೆ ಹೇಳಬೇಕಾದವರು ಯಾರು?

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಇದೆ, ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಇದೆ. ಇವುಗಳಡಿ ಎರಡೂ ಸರ್ಕಾರಗಳು ಆಪರೇಶನ್‌ಗೆ ಮುನ್ನ ಕಬ್ಬಿಣ, ಬಿ12, ವಿಟಮಿನ್ ಡಿ ಪರೀಕ್ಷೆಯನ್ನೂ, ತಂಡದಲ್ಲಿ ಆಹಾರತಜ್ಞರನ್ನೂ, ರೋಗಿಯ ಭಾಷೆಯಲ್ಲೇ ಮುದ್ರಿಸಿದ ಎಚ್ಚರಿಕೆ ಕಾರ್ಡನ್ನೂ ಕಡ್ಡಾಯ ಮಾಡಲಿ. ಆಪರೇಶನ್‌ಗೆ ಹಣ ಕೊಡುವ ವಿಮಾ ಕಂಪನಿಗಳು ವಾರ್ಷಿಕ ರಕ್ತಪರೀಕ್ಷೆಯ ಖರ್ಚನ್ನೂ ಭರಿಸಲಿ. ಇಷ್ಟನ್ನು ಪಾಲಿಸಲಾಗದ ಆಸ್ಪತ್ರೆಗೆ ಈ ಆಪರೇಶನ್ ಮಾಡುವ ಅನುಮತಿಯೇ ಬೇಡ.